ಅರಸು ಹೋದ ಮೇಲಿನ ಐತಿಹ್ಯ: ಕಲ್ಕುಡನ ಪಾಡ್ದನವನ್ನು ಕುರಿತು

ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಆರಂಭಿಸಿದಾಗ ನಮಗೆ ಮೊದಲು ಪಾಠವಾದ ಗ್ರಂಥಗಳಲ್ಲಿ ದಂಡಿಯ ಕಾವ್ಯಾದರ್ಶವೂ ಒಂದು. ಅದರ ಆದಿಭಾಗದಲ್ಲಿಯೇ ಆಚಾರ್ಯನು ವಾಙ್ಮಯವನ್ನು ಕನ್ನಡಿಗೆ ಹೋಲಿಸಿ, ಪುರಾತನ ರಾಜರು ಕಣ್ಮರೆಯಾದರೂ ಅವರ ಯಶಸ್ಸು ಅಲ್ಲಿ ಉಳಿದೇ ಇರುವುದೆಂಬ ಆಶಯವನ್ನು ಮುಂದಿಟ್ಟಿರುವನು. ಲೋಕದ ಕನ್ನಡಿಯಲ್ಲಿ ಎದುರಿಗೆ ಮುಖವಿದ್ದರಷ್ಟೆ ಬಿಂಬ. ಈ ಕನ್ನಡಿಯಲ್ಲಿ ಮುಖ ಹೋದ ಮೇಲೂ ಬಿಂಬ. ಹದಿನಾರರ ಪ್ರಾಯದಲ್ಲಿ ಇದನ್ನು ಕೇಳಿ ನಾನು ಪುಳಕಗೊಂಡಿದ್ದೆನು. ಅರುವತ್ತು ಕಳೆದ ಮೇಲೆ, ನಮ್ಮ ಸೀಮೆಯ ಐತಿಹ್ಯಗಳನ್ನು ಒಂದೊಂದಾಗಿ ನೆನೆದು ನೋಡುವಾಗ, ಆಚಾರ್ಯನ ಮಾತಿಗೆ ಒಂದು ಸಣ್ಣ ತಿದ್ದುಪಡಿ ಬೇಕೇನೋ ಎಂಬ ಸಂಶಯ ಹುಟ್ಟಿದೆ. ಕನ್ನಡಿ ಉಳಿದಿದೆ, ಬಿಂಬವೂ ಉಳಿದಿದೆ. ಆದರೆ ಅದು ಅರಸನ ಬಿಂಬವಲ್ಲ.

ಗುರುವಾಯನಕೆರೆಯ ಕೂಡುದಾರಿಯಲ್ಲಿ ನಿಂತವನಿಗೆ ಇದನ್ನು ತಿಳಿಯಹೇಳುವುದು ಸುಲಭ. ಇಲ್ಲಿಂದ ಒಂದು ದಾರಿ ವೇಣೂರಿನ ಮೇಲೆ ಮೂಡುಬಿದಿರೆಗೆ ಹೋಗುವುದು. ಇನ್ನೊಂದು ಅಳದಂಗಡಿಯನ್ನು ಹಾದು ಕಾರ್ಕಳಕ್ಕೆ. ಬೆಳ್ತಂಗಡಿಯ ಕಡೆ ತಿರುಗಿದರೆ ಬಂಗಾಡಿಯೂ ದೂರವಲ್ಲ. ಎಂದರೆ ಅಜಿಲರು, ಚೌಟರು, ಭೈರರಸರು, ಬಂಗರು ಈ ನಾಲ್ಕು ಮನೆತನಗಳ ನೆಲವನ್ನು ಒಂದೇ ದಿನದಲ್ಲಿ ಸುತ್ತಿ ಬರಬಹುದು. 1799ರಲ್ಲಿ ಈ ಸೀಮೆ ಕುಂಪಣಿಯ ಕೈಸೇರಿತು. 1837ರ ದಂಗೆಯ ತರುವಾಯ ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಗಲ್ಲಿಗೇರಿಸಿದರು. ಮೂಡುಬಿದಿರೆಯಲ್ಲಿ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರವನ್ನು ಇಂದಿಗೂ ಕಾಣಬಹುದು. ಅಳದಂಗಡಿಯ ಅಜಿಲ ಮನೆತನಕ್ಕೆ ವೇಣೂರಿನ ಉತ್ಸವಗಳಲ್ಲಿ ಈಗಲೂ ಮರ್ಯಾದೆ ಸಲ್ಲುತ್ತದೆ. ಇಷ್ಟೆಲ್ಲ ಕುರುಹುಗಳಿದ್ದರೂ, ಈ ದಾರಿಯಲ್ಲಿ ಶಾಲೆಗೆ ಹೋಗುವ ಹುಡುಗನನ್ನು ತಡೆದು ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಅರಸನ ಹೆಸರೇನೆಂದು ಕೇಳಿರಿ. ಅವನು ಕೆರೆಯ ಕಡೆ ನೋಡುವನು. ಕೆತ್ತಿದವನ ಹೆಸರೇನೆಂದು ಕೇಳಿದರೆ ಕಲ್ಕುಡನೆಂದು ಥಟ್ಟನೆ ಹೇಳುವನು. ಶಾಸನಗಳಲ್ಲಿರುವುದು ಇದಕ್ಕೆ ನೇರ ವಿರುದ್ಧ. ಕಾರ್ಕಳದ ಮೂರ್ತಿಯನ್ನು 1432ರಲ್ಲಿ ವೀರಪಾಂಡ್ಯನು ಲಲಿತಕೀರ್ತಿಗಳ ಉಪದೇಶದಂತೆ ನಿಲ್ಲಿಸಿದನು. ವೇಣೂರಿನದನ್ನು 1604ರಲ್ಲಿ ತಿಮ್ಮರಾಜನು ಬೆಳಗೊಳದ ಚಾರುಕೀರ್ತಿಗಳ ಉಪದೇಶದಂತೆ ನಿಲ್ಲಿಸಿದನು. ಅರಸನ ಹೆಸರಿದೆ, ಗುರುವಿನ ಹೆಸರಿದೆ. ಉಳಿ ಹಿಡಿದವನ ಹೆಸರಿಲ್ಲ. ಕಲ್ಲಿನ ಮೇಲೆ ಬರೆದದ್ದು ಜನರ ಬಾಯಿಗೆ ಬರಲಿಲ್ಲ, ಬಾಯಲ್ಲಿದ್ದುದನ್ನು ಯಾರೂ ಕಲ್ಲಿನಲ್ಲಿ ಬರೆಯಲಿಲ್ಲ.

ಈ ಪಾಡ್ದನವನ್ನು ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಬರ್ನೆಲ್ಲನು ಸಂಗ್ರಹಿಸಿದ್ದನು; ಅವನು ತೀರಿಕೊಂಡ ಮೇಲೆ, 1894ರಿಂದ ಮುಂದಕ್ಕೆ, ಇಂಡಿಯನ್ ಆಂಟಿಕ್ವರಿಯಲ್ಲಿ ತುಳುವರ ಭೂತಾರಾಧನೆಯ ಲೇಖನಮಾಲೆಯೊಳಗೆ ಅದು ಪ್ರಕಟವಾಯಿತು. ಪಾಠಭೇದಗಳು ಹಲವಿದ್ದರೂ ಕಥೆಯ ಎಲುಬು ಒಂದೇ. ಶಂಭು ಕಲ್ಕುಡನೆಂಬ ಕಲ್ಲುಕುಟಿಗನು ಬೆಳಗೊಳದ ಅರಸನ ಕರೆ ಬಂದುದರಿಂದ ಗರ್ಭಿಣಿಯಾದ ಹೆಂಡತಿಯನ್ನು ಬಿಟ್ಟು ಹೋಗುತ್ತಾನೆ. ಹುಟ್ಟಿದ ಮಗ ಬೀರು ಕಲ್ಕುಡನು ಬೆಳೆದು, ತಂದೆಯನ್ನರಸುತ್ತ ಹೋಗಿ, ಅವನ ಕೆಲಸದಲ್ಲಿಯೇ ದೋಷವನ್ನೆತ್ತಿ ತೋರಿಸುತ್ತಾನೆ. ತಂದೆ ಆ ಅವಮಾನವನ್ನು ತಾಳಲಾರದೆ ಪ್ರಾಣ ಬಿಡುತ್ತಾನೆ. ಮಗನು ಕಾರ್ಕಳಕ್ಕೆ ಬಂದು ಭೈರರಸನಿಗಾಗಿ ಗೊಮ್ಮಟನನ್ನು ಕಡೆಯುತ್ತಾನೆ. ತನ್ನ ರಾಜ್ಯದಲ್ಲಿ ಕೆಲಸ ಮಾಡಿದ ಕೈ ಮತ್ತೊಂದು ರಾಜ್ಯದಲ್ಲಿ ಕೆಲಸ ಮಾಡಕೂಡದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಕಲ್ಕುಡನು ಆ ಸ್ಥಿತಿಯಲ್ಲಿಯೇ ವೇಣೂರಿಗೆ ಬಂದು, ಅಜಿಲನ ಆಶ್ರಯದಲ್ಲಿ, ಒಂದೇ ಕೈಯಿಂದ ಇನ್ನೊಬ್ಬ ಗೊಮ್ಮಟನನ್ನು ನಿಲ್ಲಿಸುತ್ತಾನೆ. ಅಣ್ಣನನ್ನು ಹುಡುಕಿಕೊಂಡು ತಂಗಿ ಬರುತ್ತಾಳೆ. ಅವನನ್ನು ಕಂಡು ಕೆರಳುತ್ತಾಳೆ. ಇಬ್ಬರೂ ಕಾಯ ಬಿಟ್ಟು ಮಾಯಕ್ಕೆ ಸಂದು, ಕಲ್ಕುಡ ಕಲ್ಲುರ್ಟಿ ಎಂಬ ದೈವಗಳಾಗಿ ಕಾರ್ಕಳದ ಅರಸನನ್ನು ಕಾಡುತ್ತಾರೆ.

ಇದಕ್ಕೆ ವಿದ್ಯಾವಂತರು ಎತ್ತುವ ಪೂರ್ವಪಕ್ಷ ಎಲ್ಲರಿಗೂ ತಿಳಿದದ್ದೇ. ಎರಡು ಮೂರ್ತಿಗಳ ನಡುವೆ 172 ವರ್ಷಗಳ ಅಂತರವಿದೆ. ಒಬ್ಬನೇ ಮನುಷ್ಯನು ಎರಡನ್ನೂ ಕೆತ್ತುವುದು ಅಸಂಭವ. ಆದುದರಿಂದ ಕಥೆ ಸುಳ್ಳು, ಅರಸನ ಮೇಲೆ ಹೊರಿಸಿದ ಅಪವಾದವೂ ಸುಳ್ಳು. ಮೊದಲನೆಯ ಮಾತನ್ನು ನಾನು ಒಪ್ಪುತ್ತೇನೆ. ವೀರಪಾಂಡ್ಯನು ಶಿಲ್ಪಿಯ ಕೈ ಕಡಿಸಿದನೆನ್ನುವುದಕ್ಕೆ ಯಾವ ಪ್ರಮಾಣವೂ ಇಲ್ಲ. ಆ ಮೂರ್ತಿಯ ಮುಖವನ್ನು ದಿಟ್ಟಿಸಿ ನೋಡಿದವನಿಗೆ ಅದನ್ನು ಮಾಡಿಸಿದವನು ಕ್ರೂರಿಯೆಂದು ನಂಬುವುದೂ ಕಷ್ಟ. ಆದರೆ ಇಷ್ಟಕ್ಕೇ ವಿಮರ್ಶೆ ಮುಗಿಯಿತೆಂದು ಪುಸ್ತಕ ಮುಚ್ಚುವವರು ಕಥೆಯನ್ನು ದಫ್ತರದಂತೆ ಓದುವವರು. ವೇಣೂರಿನ ಪ್ರತಿಷ್ಠೆಯ ಕಾಲಕ್ಕೆ ಸಂಬಂಧಿಸಿದ ಇನ್ನೊಂದು ಐತಿಹ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತನ್ನ ಊರಿನ ಮೂರ್ತಿಗೆ ಸಮಾನವಾದುದು ಇನ್ನೊಂದಾಗಬಾರದೆಂದು ಕಾರ್ಕಳದ ಭೈರರಸನು ತಡೆದನೆಂದೂ, ತಿಮ್ಮಣ್ಣ ಅಜಿಲನು ಮೂರ್ತಿಯನ್ನು ಫಲ್ಗುಣೀ ನದಿಯ ಮರಳಿನಲ್ಲಿ ಹುದುಗಿಸಿಟ್ಟು, ಕಾಳಗ ತೀರಿದ ಮೇಲೆ ಎತ್ತಿ ನಿಲ್ಲಿಸಿದನೆಂದೂ ಅದರಲ್ಲಿ ಹೇಳುವರು. ಇಲ್ಲಿ ಕೈಕಡಿತವಿಲ್ಲ, ಆದರೆ ನಿಷೇಧ ಅದೇ: ಇನ್ನೊಂದು ಆಗಕೂಡದು. ಈ ನಿಷೇಧವನ್ನು ಅರಮನೆಯ ಕಡೆಯವರು ಎರಡು ಸಿಂಹಾಸನಗಳ ಜಗಳವನ್ನಾಗಿ ನೆನಪಿಟ್ಟರು. ಪಾಡ್ದನವು ಅದೇ ಜಗಳವನ್ನು ಒಬ್ಬ ಕೂಲಿಯವನ ಮೈಮೇಲೆ ತಂದಿಟ್ಟಿತು. ಇಬ್ಬರು ಅರಸರು ಹಟ ಹಿಡಿದಾಗ ಕೈ ಹೋಗುವುದು ಯಾರದೆಂಬುದನ್ನು ಪಾಡ್ದನ ಕಟ್ಟಿದವರು ತಿಳಿದಿದ್ದರು. 172 ವರ್ಷಗಳನ್ನು ಒಂದು ಆಯುಷ್ಯದೊಳಗೆ ಮಡಿಸಿದುದು ಅವರ ಅಜ್ಞಾನವಲ್ಲ, ಕಾವ್ಯನ್ಯಾಯ.

ಕೈ ಕಳೆದುಕೊಂಡ ಶಿಲ್ಪಿಯ ಕಥೆ ಲೋಕದಲ್ಲಿ ಇದೊಂದೇ ಅಲ್ಲ. ಆಗ್ರಾದ ತಾಜಮಹಲಿನ ಕೆಲಸಗಾರರ ಕೈ ಕಡಿಸಿದರೆಂಬ ಮಾತು ಎಲ್ಲರೂ ಕೇಳಿರುವಂಥದು. ಮಾಸ್ಕೋ ನಗರದ ಸಂತ ಬೇಸಿಲನ ಇಗರ್ಜಿಯನ್ನು ಕಟ್ಟಿದವನ ಕಣ್ಣುಗಳನ್ನು ಇವಾನ್ ದೊರೆ ಕೀಳಿಸಿದನೆಂದು ರಷ್ಯರು ಹೇಳುವರು. ಎರಡಕ್ಕೂ ಚರಿತ್ರೆಯ ಆಧಾರವಿಲ್ಲ. ಆ ಕಥೆಗಳಲ್ಲಿ ಅಂಗ ಹೋದೊಡನೆ ಶಿಲ್ಪಿಯೂ ಹೋದನು. ಉಳಿದದ್ದು ಕಟ್ಟಡದ ಸೊಬಗು, ದೊರೆಯ ಮತ್ಸರ. ವಾಸ್ತವವಾಗಿ ಅವು ದೊರೆಯ ಕಥೆಗಳೇ. ಇಷ್ಟು ಕ್ರೂರನಾಗುವಷ್ಟು ಸುಂದರವಾದುದನ್ನು ಮಾಡಿಸಿದನಲ್ಲ ಎಂಬ ಒಳಮೆಚ್ಚುಗೆ ಅವುಗಳಲ್ಲಿದೆ. ನಮ್ಮ ಘಟ್ಟದ ಮೇಲಿನ ಜಕಣಾಚಾರಿಯ ಕಥೆಯ ಹದ ಬೇರೆ. ಮಗನು ದೋಷ ತೋರಿಸಿದಾಗ ಜಕಣನು ತನ್ನ ಕೈಯನ್ನು ತಾನೇ ಕಡಿದುಕೊಳ್ಳುತ್ತಾನೆ; ಕೈದಾಳದ ಚೆನ್ನಕೇಶವನ ದಯೆಯಿಂದ ಅದು ಮತ್ತೆ ಬರುತ್ತದೆ. ಅಲ್ಲಿ ತಪ್ಪು ಶಿಲ್ಪಿಯದು, ದಂಡನೆ ಶಿಲ್ಪಿಯದು, ಕ್ಷಮೆ ದೇವರದು. ಅರಸನು ಸುಖವಾಗಿ ಪಾರಾದನು. ತುಳುವಿನ ಪಾಡ್ದನದಲ್ಲಿಯೂ ಮಗನು ತಂದೆಯ ದೋಷವನ್ನು ಕಾಣುವ ಪ್ರಸಂಗ ಬಂದಿದೆ. ಆದರೆ ಅದು ಕಥೆಯ ಬಾಗಿಲು ಮಾತ್ರ. ನಡುಮನೆಗೆ ಬಂದರೆ ಕೈ ಕಡಿಸುವವನು ಅರಸನು. ಕಡಿದ ಕೈ ಎಂದಿಗೂ ಮರಳಿ ಬರುವುದಿಲ್ಲ. ಉಳಿದ ಕೈ ಸುಮ್ಮನೆ ಕೂರುವುದಿಲ್ಲ. ಅಂಗಹೀನನು ಮತ್ತೆ ಕೆಲಸಕ್ಕೆ ನಿಲ್ಲುವ ಈ ಒಂದು ಘಟ್ಟವೇ ಪಾಡ್ದನದ ಹಿರಿಮೆ. ಇಲ್ಲಿರುವುದು ಕರುಣರಸವೆಂದು ನಾನು ಬಹುಕಾಲ ತಿಳಿದಿದ್ದೆನು. ಅಲ್ಲ, ವೀರರಸ, ಆಲಂಬನ ಮಾತ್ರ ಶಾಸ್ತ್ರಕಾರರು ಎಣಿಸದಿದ್ದ ಕಡೆ ಇದೆ. ನಾಯಕನು ಸದ್ವಂಶದ ಕ್ಷತ್ರಿಯನಾಗಿರಬೇಕೆಂದು ಬಾಯಿಪಾಠ ಮಾಡಿದ ನನ್ನಂಥವನಿಗೆ ಇದನ್ನು ಒಪ್ಪಿಕೊಳ್ಳಲು ಕೆಲವು ವರ್ಷಗಳು ಹಿಡಿದುವು.

ಅರಸರ ಪಕ್ಷದ ಕಾವ್ಯವಿಲ್ಲವೆಂದಲ್ಲ. ಚಂದ್ರಮಕವಿಯ ಕಾರ್ಕಳದ ಗೊಮ್ಮಟೇಶ್ವರ ಚರಿತೆ ಇದೆ, ಹದಿನೇಳನೆಯ ಶತಮಾನದ್ದು. ಆ ಬೃಹನ್ಮೂರ್ತಿಯನ್ನು ಬೆಟ್ಟದ ಮೇಲಕ್ಕೆ ಏರಿಸಿದ ಸಾಹಸ, ದಾನ, ಅಭಿಷೇಕದ ವೈಭವ, ಇವು ಅಂಥ ಕಾವ್ಯದ ಸಹಜ ಸಂಪತ್ತು. ಅದನ್ನು ಇಂದು ಓದುವವರು ವಿದ್ವಾಂಸರು ಮಾತ್ರ. ದೋಷ ಕವಿಯದೆಂದು ನಾನು ಹೇಳಲಾರೆ. ಹಾಡುವುದಕ್ಕೆ ಕಾರಣ ಹೋಯಿತು. ಕೇಳಬೇಕಾಗಿದ್ದ ಆಸ್ಥಾನ ಹೋಯಿತು. ಪಾಡ್ದನಕ್ಕಾದರೋ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರಿದ್ದರು, ನೇಮದ ರಾತ್ರಿಯಿತ್ತು, ನಲಿಕೆ ಪಂಬದ ಪರವರ ಕಂಠವಿತ್ತು, ಆಸ್ಥಾನದ ಹಂಗಿರಲಿಲ್ಲ. ಕೋಟಿ ಚೆನ್ನಯರ ಪಾಡ್ದನದಲ್ಲಿಯೂ ಇದೇ ರೀತಿ: ಪಡುಮಲೆಯ ಪೆರುಮಾಳ ಬಲ್ಲಾಳನು ಇಂದಿಗೂ ಜನರ ನೆನಪಿನಲ್ಲಿರುವುದು ಕೊಟ್ಟ ಮಾತಿಗೆ ತಪ್ಪಿದವನೆಂದು. ಅವನ ಗದ್ದುಗೆಯ ಕಥೆ ಯಾರಿಗೆ ಬೇಕು? ನಮ್ಮ ಸೀಮೆಯಲ್ಲಿ ಅರಸನು ಉಳಿದಿದ್ದರೆ, ತಾನು ನೋಯಿಸಿದವರ ಕಥೆಯೊಳಗೆ ಒಂದು ಪಾತ್ರವಾಗಿ ಉಳಿದಿದ್ದಾನೆ.

ಐತಿಹ್ಯದ ಮಾತು ಇಷ್ಟಾಯಿತು. ಅದರ ಜೊತೆಗಾರನಾದ ನಿಷೇಧದ ಮಾತು ಬೇರೆ. ಅದು ಅರಸೊತ್ತಿಗೆಯೊಡನೆ ಸಾಯಲಿಲ್ಲ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಲ್ಲೆಯು ಮಣೇಲಿಗೆ ಬಂದು ಉಳ್ಳಾಲದ ರಾಣಿಯನ್ನು ಕಂಡನು. ರಾಣಿ ಬರಿಗಾಲಲ್ಲಿ ನಡೆದು ಅಗೆತದ ಕೆಲಸವನ್ನು ನೋಡಿಕೊಳ್ಳಲು ಬಂದಿದ್ದಳೆಂದು ಅವನು ಬರೆದಿದ್ದಾನೆ. ನಿಜವಾಗಿ ಆಳುವವರಿಗೆ ಬರಿಗಾಲು ಅಡ್ಡಿಯಾಗಲಿಲ್ಲ. ಆಳ್ವಿಕೆ ಹೋಗಿ ಹೆಸರಷ್ಟೆ ಉಳಿದ ಮೇಲೆಯೇ ಬೀಡುಗಳ ಮುಂದಣ ಕಟ್ಟಳೆಗಳು ಬಿಗಿಯಾದುವೆಂದು ನನಗೆ ತೋರುತ್ತದೆ. ನನ್ನ ತಂದೆ ಒಂದು ಬೀಡಿನ ಚಾಲಗೇಣಿ ಒಕ್ಕಲು. ಬೀಡಿನ ಎದುರಿನ ಕಟ್ಟಪುಣಿಯಲ್ಲಿ ಹೋಗುವಾಗ ಎಂಥ ಆಷಾಢದ ಮಳೆಯಾಗಿದ್ದರೂ ಅವರು ಕೊಡೆಯನ್ನು ಮಡಚುತ್ತಿದ್ದರು. ಮೆಟ್ಟು ಕೈಗೆ ಬರುತ್ತಿತ್ತು. ಆ ಮನೆಯ ಹಿರಿಯರ ಹೆಸರನ್ನು ಅವರ ಬಾಯಿಂದ ನಾನು ಒಮ್ಮೆಯೂ ಕೇಳಲಿಲ್ಲ. ಕುಂಪಣಿ ಬಂದು ಹೋಗಿತ್ತು, 1947 ಬಂದಿತ್ತು, 1950ರಲ್ಲಿ ಗಣರಾಜ್ಯವೂ ಆಗಿತ್ತು. ಕೊಡೆ ಮಾತ್ರ ಬಿಚ್ಚಲಿಲ್ಲ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು, ಉಳುವವನು ಒಡೆಯನಾದನು. ತಂದೆಯವರು ಅರ್ಜಿ ಹಾಕಿದರು. ಭೂಮಿ ತಮ್ಮದಾದ ಮೇಲೆಯೂ ಎರಡು ಮಳೆಗಾಲ ಕೊಡೆ ಮಡಚಿಯೇ ನಡೆದರು. ಮೂರನೆಯ ಮಳೆಗಾಲದಲ್ಲಿ ಒಂದು ದಿನ, ಏನೂ ಹೇಳದೆ, ಬಿಚ್ಚಿಕೊಂಡೇ ಹೋದರು. ಆ ಕಾನೂನನ್ನು ತಂದ ಮುಖ್ಯಮಂತ್ರಿಗಳ ಹೆಸರಿನಲ್ಲಿಯೇ ಅರಸು ಎಂಬ ಪದವಿತ್ತೆಂಬುದು ವಿಧಿಯ ವಿನೋದ.

ಕಾನೂನಿನೊಡನೆ ನೇರವಾಗಿ ಹೆಣೆದುಕೊಂಡಿದ್ದ ಐತಿಹ್ಯವೊಂದು ನಮ್ಮಲ್ಲಿಯೇ ಇತ್ತು. ಕುಂಡೋದರನೆಂಬ ಭೂತನು ಬಲಿ ಕೇಳಿದಾಗ ಅರಸನ ಹೆಂಡತಿ ಮಗನನ್ನು ಕೊಡಲೊಪ್ಪದೆ, ತಂಗಿ ತನ್ನ ಮಗನನ್ನು ಕೊಡಲೊಪ್ಪಿದುದರಿಂದ ಭೂತಾಳಪಾಂಡ್ಯನು ಅಳಿಯಸಂತಾನದ ಕಟ್ಟನ್ನು ಮಾಡಿದನೆಂಬ ಕಥೆ. ಅವನ ಹೆಸರಿನ ಕಟ್ಟುಕಟ್ಟಳೆಯ ಪ್ರಾಚೀನತೆಯನ್ನು ಬರ್ನೆಲ್ಲನಂಥವರು ಹಿಂದೆಯೇ ಅಲ್ಲಗಳೆದಿದ್ದರು. ಆದರೂ ಆಸ್ತಿಯ ಹಕ್ಕು ಅದರ ಮೇಲೆ ನಿಂತಿರುವ ತನಕ ಭೂತಾಳಪಾಂಡ್ಯನು ಪ್ರತಿ ಮನೆಯಲ್ಲಿಯೂ ಜೀವಂತನಾಗಿದ್ದನು. 1949ರ ಮದ್ರಾಸಿನ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇವು ಬಂದುವು, ಪಾಲುಪಟ್ಟಿಗಳಾದುವು. ಈಗ ಆ ಹೆಸರು ಪರೀಕ್ಷೆಗೆ ಓದುವವರಿಗಷ್ಟೆ ಬೇಕಾಗಿದೆ.

ಇನ್ನು ಘಟ್ಟದ ಮೇಲೆ, ಮೈಸೂರಿನಲ್ಲಿ, ಇದಕ್ಕಿಂತ ಪ್ರಖ್ಯಾತವಾದ ಒಂದು ಐತಿಹ್ಯ ಮುಗಿದುದನ್ನು ನಮ್ಮ ಕಣ್ಣೆದುರಿಗೇ ಕಂಡೆವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ತರುವಾಯ, ಅಲಮೇಲಮ್ಮನು ಕಾವೇರಿಗೆ ಹಾರುವ ಮುನ್ನ ಕೊಟ್ಟಳೆನ್ನುವ ಶಾಪ ಯಾರಿಗೆ ತಿಳಿಯದು! ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರಿನ ದೊರೆಗಳಿಗೆ ಸಂತಾನಹೀನತೆ. ಅರಮನೆಯವರೇ ಆಕೆಯ ಮೂರ್ತಿಯನ್ನಿಟ್ಟು ಪೂಜಿಸುತ್ತ ಬಂದರು. ಶಾಪ ಕೊಟ್ಟವಳಿಗೆ ಶಾಪ ಹೊತ್ತವರು ಕೈ ಮುಗಿಯುವುದು ನಮ್ಮ ಕಡೆಯ ದೈವಾರಾಧನೆಗೆ ಬಹಳ ದೂರವಾದುದಲ್ಲ. ಆದರೆ ಈ ಐತಿಹ್ಯದ ಆಹಾರ ಉತ್ತರಾಧಿಕಾರದ ಚಿಂತೆ. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಕ್ಕಳಿಲ್ಲದೆ ತೀರಿಕೊಂಡಾಗ ಒಂದು ರಾಜ್ಯವೇ ಅದನ್ನು ನೆನೆಯಿತು. 1971ರಲ್ಲಿ ರಾಜಧನವೂ ರದ್ದಾಯಿತು. 2013ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ತೀರಿಕೊಂಡು, 2015ರಲ್ಲಿ ದತ್ತುಸ್ವೀಕಾರವಾಗಿ, 2017ರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟಿದಾಗ, ಪತ್ರಿಕೆಗಳು ಶಾಪ ವಿಮೋಚನೆಯಾಯಿತೆಂದು ಸಂತೋಷದಿಂದ ಬರೆದುವು. ಭಯವಿದ್ದಲ್ಲಿ ಇಷ್ಟು ಲೀಲಾಜಾಲವಾಗಿ ಬರೆಯಲಾಗುತ್ತಿರಲಿಲ್ಲ. 2024ರಲ್ಲಿ ಆ ಮಗುವಿನ ತಂದೆ ಮತ ಕೇಳಿ ಲೋಕಸಭೆಗೆ ಆಯ್ಕೆಯಾದರು. ರಾಜವಂಶವನ್ನು ನಾಶಮಾಡಬೇಕಾಗಿದ್ದ ಶಾಪಕ್ಕೆ ನಾಶಮಾಡಲು ರಾಜ್ಯವೇ ಇಲ್ಲವಾಯಿತು. ಕಲ್ಕುಡನಿಗೆ ಆ ಕಷ್ಟವಿಲ್ಲ. ಅವನನ್ನು ನೆನೆಯುವುದಕ್ಕೆ ಭೈರರಸನ ವಂಶದಲ್ಲಿ ಯಾರೂ ಉಳಿದಿರಬೇಕಾಗಿಲ್ಲ.

ಇನ್ನೊಂದು ಆಗಕೂಡದೆಂಬ ಆ ಹಳೆಯ ನಿಷೇಧವೂ ಏನಾಯಿತೆಂಬುದನ್ನು ಹೇಳಬೇಕು. ಅದೇ ಕಾರ್ಕಳದ ಕಲ್ಲಿನಲ್ಲಿ, ಧರ್ಮಸ್ಥಳಕ್ಕಾಗಿ, 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕೆತ್ತಿದರು. 1973ರಲ್ಲಿ ಅದನ್ನು ಸಾಗಿಸಿದಾಗ ದಾರಿಯುದ್ದಕ್ಕೂ ಜನ ನೆರೆದಿದ್ದರು, 1982ರಲ್ಲಿ ಪ್ರತಿಷ್ಠೆಯಾಯಿತು. ಶಿಲ್ಪಿಯ ಹೆಸರು ಎಲ್ಲರಿಗೂ ತಿಳಿದಿದೆ, ಸನ್ಮಾನಗಳಾದುವು. ಕಾರ್ಕಳದಿಂದ ಹೊರಟ ಕೈಗೆ ಈ ಸಲ ಹಾರ ಬಿತ್ತು.

ಹೀಗೆ ನಿಷೇಧ ಸಡಿಲವಾಗುವುದನ್ನು ಕಂಡು ಸಂತೋಷಪಡಬೇಕಾದ ನಾನು ಒಂದು ಸಂಕೋಚದಿಂದಲೇ ಇದನ್ನು ಬರೆಯುತ್ತಿದ್ದೇನೆ. ವಾಚಕರು ಕ್ಷಮಿಸಬೇಕು, ಇದು ನನ್ನ ಸ್ವಂತ ತಪ್ಪಿನ ಕಥೆ. 1989ರಲ್ಲಿ, ನಾನು ಎಳೆಯ ಉಪಾಧ್ಯಾಯನಾಗಿದ್ದಾಗ, ಶಾಲೆಯ ವಾರ್ಷಿಕೋತ್ಸವಕ್ಕೆ ಕಲ್ಕುಡನ ಕಥೆಯನ್ನು ನಾಟಕವಾಗಿ ಬರೆದೆನು. ಅಧ್ಯಕ್ಷತೆಗೆ ಒಪ್ಪಿದ್ದವರು ನನ್ನ ತಂದೆ ಹೆಸರು ಹೇಳದಿದ್ದ ಆ ಬೀಡಿನ ಹಿರಿಯರು. ಅವರ ಎದುರಿಗೆ ಅರಸನೊಬ್ಬನು ಕೂಲಿಯವನ ಕೈ ಕಡಿಸುವುದನ್ನು ಆಡಿಸಲು ನನಗೆ ಧೈರ್ಯ ಸಾಲಲಿಲ್ಲ. ಔಚಿತ್ಯವೆಂಬ ದೊಡ್ಡ ಶಬ್ದವನ್ನು ನನಗೆ ನಾನೇ ಹೇಳಿಕೊಂಡು ಆ ದೃಶ್ಯವನ್ನು ತೆಗೆದೆನು. ನಾಟಕದಲ್ಲಿ ಕಲ್ಕುಡನು ಕಾರ್ಕಳದ ಕೆಲಸ ಮುಗಿಸಿ, ಬಹುಮಾನ ಪಡೆದು, ವೇಣೂರಿಗೆ ಹೋದನು. ಚಪ್ಪಾಳೆಯಾಯಿತು. ಮುಗಿದ ಮೇಲೆ ಒಬ್ಬ ಹುಡುಗನ ಅಜ್ಜಿ ನನ್ನ ಬಳಿ ಬಂದಳು. ನೇಜಿಯ ಗದ್ದೆಯಲ್ಲಿ ಪಾಡ್ದನ ಹೇಳುತ್ತಿದ್ದ ಮುದುಕಿ. “ಎಲ್ಲ ಚಂದ ಇತ್ತು ಮಾಷ್ಟ್ರೆ, ಆ ಕೈ ಎಲ್ಲಿ ಹೋಯಿತು?” ಎಂದಳು. ನಾನು ಸಮಯ ಸಾಲಲಿಲ್ಲವೆಂದು ಸುಳ್ಳು ಹೇಳಿದೆನು. ಅವಳು ಮೊಮ್ಮಗನ ಕೈ ಹಿಡಿದುಕೊಂಡು ಕತ್ತಲೆಯಲ್ಲಿ ಹೊರಟುಹೋದಳು. ಕೈ ತೆಗೆದುದರಿಂದ ಕಥೆ ಎಷ್ಟು ಅರ್ಥಹೀನವಾಯಿತೆಂದರೆ, ಮರುದಿನ ತರಗತಿಯಲ್ಲಿ ವೇಣೂರಿನ ಮೂರ್ತಿ ಕಾರ್ಕಳದ್ದಕ್ಕಿಂತ ಗಿಡ್ಡವೇಕೆಂದು ಕೇಳಿದಾಗ, “ಅವನಿಗೆ ಬೇಸರ ಬಂದಿರಬೇಕು” ಎಂದು ಒಬ್ಬನು ಉತ್ತರ ಕೊಟ್ಟನು. ಕಾರ್ಕಳದ್ದು ಸುಮಾರು 42 ಅಡಿ, ವೇಣೂರಿನದು 35. ಒಂದೇ ಕೈಯಲ್ಲಿ ಮಾಡಿದ್ದು, ಅದಕ್ಕೆ ಗಿಡ್ಡ ಎನ್ನುವ ಉತ್ತರವನ್ನು ಆ ಮಕ್ಕಳಿಂದ ಕಿತ್ತುಕೊಂಡವನು ನಾನೇ.

ನಿವೃತ್ತನಾದ ಮೇಲೆ, 2023ರಲ್ಲಿ, ಅದೇ ಶಾಲೆಯವರು ಆ ನಾಟಕವನ್ನು ಮತ್ತೆ ಆಡಿಸುವುದಾಗಿ ಕೇಳಿದರು. ಕೈ ಕಡಿಯುವ ದೃಶ್ಯವನ್ನು ಸೇರಿಸಿ ಬರೆದುಕೊಟ್ಟೆನು. ರಟ್ಟಿನ ಕೈ ರಂಗದ ಮೇಲೆ ಬಿದ್ದಾಗ ಮಕ್ಕಳು ಗೊಳ್ಳೆಂದು ನಕ್ಕರು. ಕೆಲವರು ಎದ್ದು ನಿಂತು ಅದರ ಚಿತ್ರ ತೆಗೆದುಕೊಂಡರು. ಹೆದರಿಕೆ ಹೋದಲ್ಲಿ ನಡುಕವೂ ಹೋಗಿತ್ತು. ನಾನು ಆ ಅಜ್ಜಿಯನ್ನು ನೆನೆದೆನು; ಅವಳು ತೀರಿಕೊಂಡು ಬಹಳ ವರ್ಷಗಳಾಗಿವೆ. ಮೂರನೆಯ ಸಾಲಿನಲ್ಲಿ, ಎಲ್ಲರ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅಂದಿನ ಅಧ್ಯಕ್ಷರ ಅಳಿಯಂದಿರು ಕುಳಿತಿದ್ದರು, ಅವರು ನಗಲಿಲ್ಲ. ಆಟ ಮುಗಿದ ಮೇಲೆ ನನ್ನ ಕಡೆ ಬಂದರು. ನಾನು ಹಳೆಯ ಅಭ್ಯಾಸದಿಂದ ಕುರ್ಚಿ ಬಿಟ್ಟು ಎದ್ದೆನು.

“ಕೂತುಕೊಳ್ಳಿ ಮಾಷ್ಟ್ರೆ,” ಎಂದರು ಅವರು. “ನಮ್ಮ ಬೀಡಿನಲ್ಲಿ ಕಲ್ಲುರ್ಟಿ ಇದ್ದಾಳೆ, ನಿಮಗೆ ಗೊತ್ತುಂಟಲ್ಲ. ನೇಮದ ದಿನ ಅವಳು ಅಣ್ಣನ ಕೈಯ ಮಾತು ಎತ್ತಿದರೆ ತಲೆ ತಗ್ಗಿಸಿ ನಿಲ್ಲುವವರು ನಾವೇ. ಆ ವರ್ಷ ನಾಟಕ ನೋಡಿ ಮನೆಗೆ ಬಂದ ಮೇಲೆ ಮಾವನವರು ಊಟಕ್ಕೆ ಕೂತು ಕೇಳಿದ್ದರು, ಮಾಷ್ಟ್ರು ಕೈ ಕಡಿದದ್ದನ್ನು ಯಾಕೆ ಬಿಟ್ಟರು ಅಂತ. ಯಾರು ಬಿಡಿಸಿದ್ದು, ಆಗ?”